ಅಜ್ಜಿಯ ರಮಳಾನ್, ಆ್ಯಪಿನ ರಮದಾನ್

ಪ್ರಶ್ನೆ: ನಮ್ಮ ಊರು ಪುತ್ತೂರಿನ ಹತ್ತಿರ. ಈಗ ಬೆಂಗಳೂರಿನಲ್ಲಿದ್ದೇವೆ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ ಒಂಬತ್ತು ವರ್ಷ. ಬೆಳಿಗ್ಗೆ ಏಳೂಕಾಲಿಗೇ ಶಾಲೆಯ ಬಸ್ಸು ಬರುತ್ತದೆ, ಹಾಗಾಗಿ ಮದ್ರಸಕ್ಕೆ ಕಳಿಸಲು ಆಗುತ್ತಿಲ್ಲ. ಮೊಬೈಲಿನಲ್ಲಿ ಕುರ್‌ಆನ್ ಆ್ಯಪ್ ಹಾಕಿಕೊಟ್ಟಿದ್ದೇವೆ. ವಾರಕ್ಕೆ ಮೂರು ದಿನ ಆನ್‌ಲೈನ್ ಉಸ್ತಾದರ ಕ್ಲಾಸೂ ಇದೆ. ಆದರೆ ಅತ್ತೆಗೆ ಸಮಾಧಾನ ಇಲ್ಲ. "ಮೊಬೈಲಲ್ಲಿ ಓದಿದ್ದು ಓದಾ?" ಅಂತ ಕೇಳುತ್ತಾರೆ. ಮೊನ್ನೆ ಊರಿಗೆ ಹೋದಾಗ ಮಗ ಅವರಿಗೇ "ರಮಳಾನ್ ಅಲ್ಲ ಅಜ್ಜಿ, ರಮದಾನ್ ಅನ್ನಬೇಕು" ಅಂತ ತಿದ್ದಿದ. ಅವರು ಬೇಜಾರು ಮಾಡಿಕೊಂಡರು. ಅವನಿಗೆ ನಮ್ಮ ಮನೆಮಾತು ಬ್ಯಾರಿ ಭಾಷೆಯೂ ಸರಿಯಾಗಿ ಬರುವುದಿಲ್ಲ. ಮೊಬೈಲು, ದೀನಿನ (ಧರ್ಮದ) ಓದು, ಮನೆಯ ರೀತಿ ಮೂರನ್ನೂ ಒಟ್ಟಿಗೆ ನಡೆಸುವುದು ಹೇಗೆ?
ಒಬ್ಬ ತಾಯಿ, ಬೆಂಗಳೂರು

ಉತ್ತರ: ಮೊದಲು ರಮಳಾನ್ ವಿಷಯವನ್ನೇ ತೆಗೆದುಕೊಳ್ಳೋಣ. ಅಜ್ಜಿಯ ಬೇಜಾರು ಬೇಗ ತೀರಬೇಕು.

ಆ ಪದದ ನಡುವೆ ಇರುವ ಅರಬಿ ಅಕ್ಷರ ನಮ್ಮ ಯಾವ ಭಾಷೆಯಲ್ಲೂ ಇಲ್ಲ. ಕನ್ನಡದಲ್ಲಿಲ್ಲ, ಬ್ಯಾರಿಯಲ್ಲಿಲ್ಲ. ಉರ್ದುವಿನಲ್ಲಿ ಅಕ್ಷರ ಇದೆ, ಉಚ್ಚಾರ ಇಲ್ಲ. ಹಾಗಾಗಿ ಒಬ್ಬೊಬ್ಬರು ತಮ್ಮ ಬಾಯಿಗೆ ಹತ್ತಿರವಾದದ್ದನ್ನು ಹಿಡಿದುಕೊಂಡರು. ಉರ್ದು ಮಾತಾಡುವವರು ರಮ್ಜಾನ್ ಅಂದರು. ಕನ್ನಡ ಪೇಪರುಗಳಲ್ಲಿ ಅದು ರಂಜಾನ್ ಆಯಿತು. ಮಲಬಾರಿನಿಂದ ಮಂಗಳೂರಿನವರೆಗೆ ಕರಾವಳಿಯವರು ರಮಳಾನ್ ಅಂದರು. ಕಡ್ಡಾಯವಾದದ್ದಕ್ಕೆ ಫರ್ಳ್ ಅಂದರು. ನಿಮ್ಮ ಮಗ ಆ್ಯಪಿನಲ್ಲಿ ಕೇಳಿದ್ದು ಈಗಿನ ಅರಬರ ಉಚ್ಚಾರ. ನಮ್ಮ ಕಿವಿಗೆ ಅದು 'ದ' ಥರ ಕೇಳುತ್ತದೆ. ಆದರೆ ಅದು ನಮ್ಮ 'ದ' ಕೂಡ ಅಲ್ಲ.

8ನೇ ಶತಮಾನದಲ್ಲಿ ಸೀಬವೈಹಿ ಎಂಬ ದೊಡ್ಡ ವ್ಯಾಕರಣಕಾರರಿದ್ದರು. ಯಾವ ಅಕ್ಷರ ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ ಅಂತ ಒಂದೊಂದನ್ನೂ ಗಮನಿಸಿ ಬರೆದಿಟ್ಟವರು. ಈ ಅಕ್ಷರ ನಾಲಗೆಯ ಬದಿ ದವಡೆಹಲ್ಲಿನ ಕಡೆ ತಾಗಿ ಹುಟ್ಟುತ್ತದೆ ಅಂತ ಅವರು ಹೇಳಿದ್ದಾರೆ. ಈಗ ನೀವು ಒಮ್ಮೆ 'ಳ' ಅಂದು ನೋಡಿ. ಗಾಳಿ ನಾಲಗೆಯ ಬದಿಯಿಂದಲೇ ಹೋಗುತ್ತದೆ, ಅಲ್ವಾ? 'ದ' ಅಂದರೆ ಹಾಗೆ ಆಗುವುದಿಲ್ಲ. ಅಂದರೆ ಅಜ್ಜಿಯ ಬಾಯಲ್ಲಿರುವ 'ಳ' ಓದು ಬಾರದವರ ತಪ್ಪಲ್ಲ. ಆ ಅಕ್ಷರವನ್ನು ಕಿವಿಯಿಂದ ಕೇಳಿ, ಅದರ ಹತ್ತಿರದ ಜಾಗವನ್ನು ತಮ್ಮ ನಾಲಗೆಯಲ್ಲಿ ಹುಡುಕಿಕೊಂಡವರ ಗುರುತು ಅದು.

ಹಾಗಂತ ನಮಾಝಿನಲ್ಲಿ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಓದುವಾಗ 'ಳ' ಅಂದರೆ ಸಾಕು ಅಂತ ನಾನು ಹೇಳುವುದಿಲ್ಲ. ಅಲ್ಲಿ ತಜ್‌ವೀದ್ ಎಂಬ ಉಚ್ಚಾರದ ನಿಯಮಗಳ ಪ್ರಕಾರವೇ ಓದಬೇಕು. ಅದನ್ನು ಉಸ್ತಾದರು ಬಾಯಿ ನೋಡಿ ತಿದ್ದಬೇಕು. ಮನೆಯ ಮಾತಿನಲ್ಲಿ ಮಾತ್ರ ರಮಳಾನ್ ಇರಲಿ. ಮಗನಿಗೆ ಹೀಗೆ ಹೇಳಿ: "ನೀನು ಕುರ್‌ಆನಿನಲ್ಲಿ ಓದುವ ಅಕ್ಷರ, ಅಜ್ಜಿ ಹೇಳುವ ಅಕ್ಷರ ಎರಡೂ ಒಂದೇ ತಾಯಿಯ ಮಕ್ಕಳು." ಆಮೇಲೆ ಅಜ್ಜಿಯ ಎದುರು ಕೂತು ಅವನಿಂದ ರಮದಾನ್, ರಮಳಾನ್, ರಮ್ಜಾನ್ ಅಂತ ಮೂರೂ ಥರ ಹೇಳಿಸಿ. ಮಕ್ಕಳಿಗೆ ಇಂಥದ್ದು ತುಂಬಾ ಇಷ್ಟ. ಅಜ್ಜಿಗೂ ತಾನು ಸೋತ ಹಾಗೆ ಅನಿಸುವುದಿಲ್ಲ.

ಇನ್ನು ನಿಮ್ಮ ಅತ್ತೆಯ ಪ್ರಶ್ನೆ. "ಮೊಬೈಲಲ್ಲಿ ಓದಿದ್ದು ಓದಾ?" ಇದನ್ನು ಹಳೇ ಕಾಲದವರ ಮಾತು ಅಂತ ತಳ್ಳಿಬಿಡಬೇಡಿ. ನಾನು ದಕ್ಷಿಣ ಕನ್ನಡದ ಮದ್ರಸಗಳಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಲಿಸಿದ್ದೇನೆ. 2020ರ ಲಾಕ್‌ಡೌನಿನಿಂದ ಈಚೆಗೆ ಆನ್‌ಲೈನಿನಲ್ಲೂ ಕಲಿಸುತ್ತಿದ್ದೇನೆ. ನನಗೂ ಆ ಪ್ರಶ್ನೆ ದಿನಾ ಎದುರಾಗುತ್ತದೆ. ಅವರು ಮೊಬೈಲಿನ ಮೇಲಿನ ಸಿಟ್ಟಿಗೆ ಕೇಳುತ್ತಿದ್ದಾರೆ ಅಂತ ನನಗೆ ಅನಿಸುವುದಿಲ್ಲ. "ಇವನಿಗೆ ಯಾರು ಕಲಿಸಿದರು?" ಅಂತ ಕೇಳುತ್ತಿದ್ದಾರೆ. ನಮ್ಮ ಓದಿನಲ್ಲಿ ಅದೇ ಎಲ್ಲಕ್ಕಿಂತ ಹಳೆಯ ಪ್ರಶ್ನೆ.

ಕುರ್‌ಆನ್ ಮೊದಲು ಬಂದದ್ದು ಕಿವಿಗೆ. ಪ್ರವಾದಿಯವರು ಕೇಳಿದರು, ಓದಿದರು, ಸಂಗಾತಿಗಳು ಅವರಿಂದ ಕೇಳಿದರು. ಅಲ್ಲಿಂದ ಇಲ್ಲಿಯವರೆಗೆ ಬಾಯಿಂದ ಕಿವಿಗೆ ಸರಪಳಿ ಬಂದಿದೆ. ಅದಕ್ಕೆ ಸನದ್ ಅನ್ನುತ್ತೇವೆ. ನಿಮ್ಮ ಆ್ಯಪನ್ನೇ ತೆರೆದು ಸೆಟ್ಟಿಂಗ್‌ನಲ್ಲಿ ನೋಡಿ, 'ಹಫ್ಸ್' ಅಂತ ಒಂದು ಪದ ಸಿಗಬಹುದು. ಹಫ್ಸ್ ಅಂದರೆ ಒಬ್ಬ ಮನುಷ್ಯ. 8ನೇ ಶತಮಾನದಲ್ಲಿ ಇರಾಕಿನ ಕೂಫಾ ನಗರದಲ್ಲಿ ಆಸಿಮ್ ಎಂಬ ಗುರುವಿನ ಹತ್ತಿರ ಓದಿದವರು. ಆಸಿಮ್ ಅವರ ಮಲಮಗ, ಅವರ ಮನೆಯಲ್ಲೇ ಬೆಳೆದವರು. ಇವತ್ತು ಭಾರತದಲ್ಲಿ, ಜಗತ್ತಿನ ಹೆಚ್ಚಿನ ಕಡೆಗಳಲ್ಲಿ ಓದುವುದು ಆ ಮನೆಯಲ್ಲಿ ಕಲಿತ ಓದು. ಅಷ್ಟು ಹೊಸ ಆ್ಯಪಿನೊಳಗೂ ಒಬ್ಬ ಗುರು, ಒಬ್ಬ ಶಿಷ್ಯ ಕೂತಿದ್ದಾರೆ. ಇದನ್ನು ಅತ್ತೆಗೆ ಹೇಳಿ.

ಹೊಸ ಸಾಧನ ಬಂದಾಗ ಮೊದಲು ಹಿಂಜರಿದು ಆಮೇಲೆ ಒಪ್ಪಿಕೊಂಡದ್ದು ನಮ್ಮಲ್ಲಿ ಇದೇ ಮೊದಲಲ್ಲ. ಅಚ್ಚಿನ ಮೊಳೆಗಳಲ್ಲಿ ಅರಬಿ ಅಕ್ಷರ ಚಂದ ಕೂರುತ್ತಿರಲಿಲ್ಲ, ಒಂದಕ್ಕೊಂದು ಸೇರುವ ಅಕ್ಷರ ಕಡಿದು ಹೋದ ಹಾಗೆ ಕಾಣುತ್ತಿತ್ತು. ಕಲ್ಲಚ್ಚು ಬಂದ ಮೇಲೆ ಕೈಬರಹವನ್ನೇ ಹಾಗೆ ಹಾಗೆ ಮುದ್ರಿಸಬಹುದು ಅಂತ ಆಯಿತು. ನಮ್ಮ ದೇಶದಲ್ಲಿ ಕುರ್‌ಆನ್ ಬಡವರ ಮನೆಗೂ ಬಂದದ್ದು ಆಮೇಲೆ. ಅದನ್ನು ರಾಶಿ ರಾಶಿಯಾಗಿ ಕಡಿಮೆ ಬೆಲೆಗೆ ಅಚ್ಚು ಹಾಕಿದವರಲ್ಲಿ ದೊಡ್ಡ ಹೆಸರು ಲಖನೌದ ಮುನ್ಷಿ ನವಲ್ ಕಿಶೋರ್ ಅವರದು. 1858ರಲ್ಲಿ ಪ್ರೆಸ್ ಶುರು ಮಾಡಿದ ಹಿಂದೂ ಗೃಹಸ್ಥರು. ಈಜಿಪ್ಟಿನ ಮಹಮೂದ್ ಖಲೀಲ್ ಅಲ್ ಹುಸರಿ ಅವರ ಸಂಪೂರ್ಣ ಪಾರಾಯಣದ ಧ್ವನಿಮುದ್ರಿಕೆ 1961ರಲ್ಲಿ ಹೊರಬಂತು. 1964ರಲ್ಲಿ ಕೈರೋದಲ್ಲಿ ಕುರ್‌ಆನಿಗೆಂದೇ ಒಂದು ರೇಡಿಯೋ ಕೇಂದ್ರ ಶುರುವಾಯಿತು. ನಮ್ಮ ಊರುಗಳಿಗೆ ಕಿರಾಅತ್, ಅಂದರೆ ಕುರ್‌ಆನ್ ಪಾರಾಯಣದ ಕ್ಯಾಸೆಟ್ ಬಂದದ್ದು ಗಲ್ಫಿನಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ. ನಿಮ್ಮ ಅತ್ತೆಯ ಮನೆಯಲ್ಲೂ ಒಂದು ಟೇಪ್ ರೆಕಾರ್ಡರ್, ಅದರ ಮೇಲೆ ಹೆಣೆದ ಬಟ್ಟೆಯ ಮುಸುಕು ಇದ್ದಿರಬಹುದು, ಕೇಳಿ ನೋಡಿ. ಕ್ಯಾಸೆಟ್ ಒಪ್ಪಿದವರು ಮೊಬೈಲನ್ನೂ ಒಪ್ಪುತ್ತಾರೆ. ಆದರೆ ಕ್ಯಾಸೆಟ್ ಇದೆ ಅಂತ ಆಗ ಯಾರೂ ಉಸ್ತಾದರನ್ನು ಬಿಟ್ಟಿರಲಿಲ್ಲ. ಅಷ್ಟೇ ವಿಷಯ.

ಈಗ ನಿಮ್ಮ ಮಗನ ಓದಿಗೆ ಬರೋಣ. "ಚೆನ್ನಾಗಿ ಓದುತ್ತಾನೆ" ಅನ್ನುವುದನ್ನು ಹೇಗೆ ತಿಳಿಯುವುದು? ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಕುರ್‌ಆನಿನ ಚಿಕ್ಕ ಅಧ್ಯಾಯ ಇಖ್ಲಾಸ್ ಸೂರಾ ಎಲ್ಲ ಮಕ್ಕಳಿಗೂ ಬರುತ್ತದೆ. ಅದರ ಮೊದಲ ಪದ 'ಕುಲ್'. ಗಂಟಲಿನ ಹತ್ತಿರದಿಂದ, ಕಿರುನಾಲಗೆಯ ಬಳಿಯಿಂದ ಬರುವ ಕ್ವಾಫ್‌ನಲ್ಲಿ ಹೇಳಿದರೆ 'ಹೇಳು' ಅಂತ ಅರ್ಥ. ನಾವು ಕನ್ನಡದಲ್ಲಿ 'ಕುದುರೆ' ಅನ್ನುವಾಗಿನ ಕಾಫ್‌ನಲ್ಲಿ ಹೇಳಿದರೆ 'ತಿನ್ನು' ಅಂತ ಅರ್ಥ. ಕನ್ನಡ ಲಿಪಿಯಲ್ಲಿ ಎರಡನ್ನೂ 'ಕು' ಅಂತಲೇ ಬರೆಯಬೇಕು. ಹಾಗೇ ಅರಬಿಯಲ್ಲಿ ಎರಡು 'ಹ' ಇವೆ. ನಮ್ಮ ಕಿವಿಗೆ 'ಸ' ಥರ ಕೇಳುವವು ಮೂರು. ಅದಕ್ಕೇ ಕನ್ನಡ ಅಕ್ಷರದಲ್ಲಿ ಬರೆದ ಅರಬಿಯನ್ನು ನೋಡಿ ಸೂರಾ ಬಾಯಿಪಾಠ ಮಾಡಿಸಬೇಡಿ. ಅರ್ಥ ತಿಳಿಯಲು ಕನ್ನಡ ಅನುವಾದ ಖಂಡಿತ ಓದಲಿ. ಮಂಗಳೂರಿನಿಂದ ಒಳ್ಳೆಯ ಅನುವಾದ ಬಂದಿದೆ. ಮೂಲವನ್ನು ಮಾತ್ರ ಅರಬಿ ಅಕ್ಷರದಲ್ಲೇ ಓದಲಿ.

ಆನ್‌ಲೈನ್ ಕ್ಲಾಸಿನ ದೊಡ್ಡ ತೊಂದರೆ ಇರುವುದು ಇಲ್ಲೇ. ನನ್ನ ಒಂದು ಅನುಭವ ಹೇಳುತ್ತೇನೆ. ಲಾಕ್‌ಡೌನ್ ಸಮಯದಲ್ಲಿ ಒಬ್ಬ ಹುಡುಗಿಯ ಓದು ಕೇಳುತ್ತಿದ್ದೆ. ಅವಳು ಮೂಗಿನಲ್ಲಿ ಹಿಡಿದು ಓದಬೇಕಾದ ಗುನ್ನಾ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತಿತ್ತು. "ಇನ್ನೂ ಹಿಡಿ, ಇನ್ನೂ ಹಿಡಿ" ಅಂತ ಎರಡು ವಾರ ಹೇಳಿದೆ. ಮಗು ಅಳುವ ಹಾಗಾಯಿತು. ಕೊನೆಗೆ ಅವಳ ತಂದೆ ಅದೇ ಓದನ್ನು ಬೇರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರು. ಕೇಳಿದರೆ ಗುನ್ನಾ ಪೂರ್ತಿ ಇತ್ತು, ಬಹಳ ಚಂದ ಇತ್ತು! ತಪ್ಪು ಮಗುವಿನದಲ್ಲ. ಮೀಟಿಂಗ್ ಆ್ಯಪುಗಳಲ್ಲಿ ಹಿನ್ನೆಲೆಯ ಸದ್ದು ತೆಗೆಯುವ ವ್ಯವಸ್ಥೆ ಇರುತ್ತದೆ. ಒಂದೇ ಸಮ ಬರುವ ಶಬ್ದವನ್ನು ಅದು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಬಿಡುತ್ತದೆ. ಗುನ್ನಾ ಒಂದೇ ಸಮ ಇರುವ ಗುಂಯ್ ಶಬ್ದ. ಎಳೆದು ಓದುವ ಮದ್ದ್ ಕೂಡ ಹಾಗೇ. ಆ ಮಗುವಿನ ಹತ್ತಿರ ನಾನು ಕ್ಷಮೆ ಕೇಳಿದೆ. ಈಗಲೂ ನೆನಪಾದರೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

ಹಾಗಾಗಿ ಇವತ್ತೇ ನಿಮ್ಮ ಆ್ಯಪಿನ ಆಡಿಯೋ ಸೆಟ್ಟಿಂಗ್ ತೆರೆದು ನಾಯ್ಸ್ ಸಪ್ರೆಶನ್ ಅನ್ನು ಆಫ್ ಮಾಡಿ, ಇಲ್ಲದಿದ್ದರೆ ಕಡಿಮೆಗೆ ಇಡಿ. ಕೆಲವದರಲ್ಲಿ 'ಒರಿಜಿನಲ್ ಸೌಂಡ್' ಅಂತ ಇರುತ್ತದೆ, ಅದನ್ನು ಆನ್ ಮಾಡಿ. ಕ್ಲಾಸಿನ ಹೊತ್ತಿಗೆ ಫ್ಯಾನ್ ನಿಲ್ಲಿಸಿ, ಕುಕ್ಕರ್ ಆಮೇಲೆ ಇಡಿ. ತಂತಿ ಇರುವ ಸಾಧಾರಣ ಇಯರ್‌ಫೋನಿನ ಮೈಕ್ ಸಾಕು. ಇಂಟರ್ನೆಟ್ ಸರಿ ಇಲ್ಲ ಅಂತ ಮಾಮೂಲಿ ಫೋನ್ ಕಾಲ್‌ನಲ್ಲಿ ಪಾಠ ಒಪ್ಪಿಸುವವರೂ ಇದ್ದಾರೆ. ಅದು ಬೇಡ. ಹಳೇ ಮಾದರಿಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. 'ಸ' ಅಕ್ಷರದ ಸೀಟಿಯಂಥ ಭಾಗ ಹೆಚ್ಚಾಗಿ ಅದರ ಮೇಲೆ ಇರುತ್ತದೆ. ಮೂರು 'ಸ'ಗಳಲ್ಲಿ ಯಾವುದು ಅಂತ ಎಂಥ ಉಸ್ತಾದರಿಗೂ ಗೊತ್ತಾಗುವುದು ಕಷ್ಟ. ಇದರ ಬದಲು ವಾರಕ್ಕೆ ಒಂದು ಸಲ ಮಗನ ಒಂದು ನಿಮಿಷದ ಓದನ್ನು ರೆಕಾರ್ಡ್ ಮಾಡಿ ಉಸ್ತಾದರಿಗೆ ಫೈಲ್ ಕಳಿಸಿ. ತಾರೀಕು ಹಾಕಿ ಜೋಪಾನ ಮಾಡಿ. ಆರು ತಿಂಗಳಾದ ಮೇಲೆ ಮೊದಲನೆಯದನ್ನು, ಕೊನೆಯದನ್ನು ಅವನಿಗೇ ಕೇಳಿಸಿ.

ಓದನ್ನು ಕೇಳಿ ತಪ್ಪು ತೋರಿಸುವ ಆ್ಯಪುಗಳೂ ಈಗ ಬಂದಿವೆ. ತರ್ತೀಲ್ ಅಂಥದ್ದೊಂದು. ಬಾಯಿಪಾಠ ಒಪ್ಪಿಸುವಾಗ ಪದ ಬಿಟ್ಟುಹೋದರೆ ತೋರಿಸಿಕೊಡುತ್ತದೆ. ರಾತ್ರಿ ಹತ್ತು ಗಂಟೆಗೆ ಪಾಠ ಕೇಳಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದು ದೊಡ್ಡ ಉಪಕಾರ. ಆದರೆ ಇಂಥ ಯಂತ್ರಕ್ಕೆ ಮುಂದಿನ ಪದ ಏನು ಅಂತ ಮೊದಲೇ ಗೊತ್ತಿರುತ್ತದೆ. ಮಗು ಕ್ವಾಫ್ ಬದಲು ಕಾಫ್ ಅಂದರೂ "ಇದೇ ಪದ ಇರಬೇಕು" ಅಂತ ಒಪ್ಪಿಕೊಂಡು ಮುಂದೆ ಹೋಗುವ ಸಾಧ್ಯತೆ ಜಾಸ್ತಿ. ಉಸ್ತಾದರು ಹಾಗೆ ಬಿಡುವುದಿಲ್ಲ. "ಬಾಯಿ ತೆರೆ, ನಾಲಗೆ ಎಲ್ಲಿದೆ ತೋರಿಸು" ಅನ್ನುತ್ತಾರೆ. ಪದದ ನೆನಪಿಗೆ ಯಂತ್ರ ಇರಲಿ, ಅಕ್ಷರದ ತಿದ್ದುಪಡಿಗೆ ಮನುಷ್ಯರೇ ಬೇಕು.

ಮುಂದೆ ಹಿಫ್ಝ್, ಅಂದರೆ ಇಡೀ ಕುರ್‌ಆನ್ ಬಾಯಿಪಾಠ ಮಾಡಿಸುವ ಆಸೆ ಇದ್ದರೆ ಇನ್ನೊಂದು ವಿಷಯ ಈಗಲೇ ಗಮನಿಸಿ. ಬಾಯಿಪಾಠ ಮಾಡುವ ಮಗು ಪುಟವನ್ನೂ ನೆನಪಿಡುತ್ತದೆ. ಈ ಆಯತ್ (ಕುರ್‌ಆನಿನ ವಾಕ್ಯ) ಬಲಗಡೆ ಪುಟದ ಮೇಲೆ, ಮೂರನೇ ಸಾಲಿನಲ್ಲಿ ಇತ್ತು ಅಂತ ಕಣ್ಣಿನಲ್ಲೇ ಕಾಣುತ್ತದೆ. ಮದೀನಾದಲ್ಲಿ ಅಚ್ಚಾಗುವ ಕುರ್‌ಆನ್ ಪ್ರತಿ, ಅಂದರೆ ಮುಸ್‌ಹಫ್‌ಗೆ 604 ಪುಟ, ಪುಟಕ್ಕೆ 15 ಸಾಲು, ಪ್ರತಿ ಪುಟವೂ ಒಂದು ಆಯತ್ ಮುಗಿಯುವಲ್ಲಿಗೇ ಮುಗಿಯುತ್ತದೆ. ಹಾಗೆ ಜೋಡಿಸಿರುವುದರಿಂದ ಬಾಯಿಪಾಠಕ್ಕೆ ಬಹಳ ಅನುಕೂಲ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿದ ಕೂಡಲೇ ಸಾಲುಗಳೆಲ್ಲ ಜಾಗ ಬದಲಿಸುತ್ತವೆ. ಇವತ್ತು ಮೇಲಿದ್ದ ಆಯತ್ ನಾಳೆ ಕೆಳಗೆ. ಮಗುವಿನ ಕಣ್ಣಿಗೆ ಹಿಡಿತವೇ ಸಿಗುವುದಿಲ್ಲ. ಆದ್ದರಿಂದ ಒಂದು ಮುದ್ರಿತ ಮುಸ್‌ಹಫ್ ತಂದು ಕೊಡಿ, ಯಾವಾಗಲೂ ಅದರಲ್ಲೇ ಓದಲಿ. ಪ್ರಯಾಣದಲ್ಲಿ ಮೊಬೈಲ್ ಬೇಕಾದರೆ ಅದೇ ಮುದ್ರಣದ ಪುಟವನ್ನು ಚಿತ್ರವಾಗಿ ತೋರಿಸುವ ಆ್ಯಪ್ ಹುಡುಕಿ.

ಪುಸ್ತಕ ಬೇಕು ಅನ್ನಲು ಬೇರೆ ಕಾರಣವೂ ಇದೆ. ಒಮ್ಮೆ ಒಬ್ಬ ಹುಡುಗ ಟ್ಯಾಬ್ ನೋಡಿ ಓದುತ್ತಿದ್ದ. ಯಾಸೀನ್ ಸೂರಾದ ನಡುವೆ ಊಟದ ಆರ್ಡರಿನ ನೋಟಿಫಿಕೇಶನ್ ಪುಟದ ಮೇಲೆಯೇ ಬಂದು ಕೂತಿತು. ಅವನ ಕಣ್ಣು ಅಲ್ಲಿಗೆ ಹೋಯಿತು, ಓದು ನಿಂತಿತು. ಪಾಪ, ಅವನದೇನು ತಪ್ಪು? ವುಝೂ ಮಾಡಿ ಕೈಕಾಲು ಮುಖ ಶುದ್ಧ ಮಾಡಿಕೊಂಡು, ಮುಸ್‌ಹಫನ್ನು ಎರಡೂ ಕೈಯಲ್ಲಿ ಎತ್ತಿ ರೆಹಾಲ್ ಎಂಬ ಮಡಚುವ ಪೀಠದ ಮೇಲಿಟ್ಟು ಓದುವಾಗ ಮೈಗೆ ಒಂದು ಶಿಸ್ತು ಬರುತ್ತದೆ. ಗೇಮ್ ಆಡುವ ಅದೇ ಪರದೆಯಲ್ಲಿ ಅದು ಬರುವುದು ಕಷ್ಟ. ಅದಬ್ ಅಂತ ನಾವು ಕರೆಯುವುದು ಇದನ್ನೇ. ಅದನ್ನು ಯಾರೂ ಬಾಯಲ್ಲಿ ಹೇಳಿ ಕಲಿಸುವುದಿಲ್ಲ. ಮಗು ನೋಡಿ ಕಲಿಯುತ್ತದೆ.

ಆನ್‌ಲೈನ್ ಉಸ್ತಾದರ ಬಗ್ಗೆ ಒಂದು ಮಾತು. ನೀವು ಯಾರನ್ನು ನೇಮಿಸಿದ್ದೀರೋ ನನಗೆ ಗೊತ್ತಿಲ್ಲ, ಅವರು ಒಳ್ಳೆಯವರೇ ಇರಬಹುದು. ಆದರೂ ಕೇಳಿ: ಯಾರ ಹತ್ತಿರ ಓದಿದಿರಿ, ಎಲ್ಲಿ ಓದಿದಿರಿ, ಯಾರನ್ನು ಕೇಳಿದರೆ ನಿಮ್ಮ ವಿಷಯ ಹೇಳುತ್ತಾರೆ? ಕಲಿತವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಸಂತೋಷದಿಂದ ಹೇಳುತ್ತಾರೆ. ಕ್ಲಾಸು ಹಾಲ್‌ನಲ್ಲೇ ನಡೆಯಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಬೇಡ. ಮನೆಯ ದೊಡ್ಡವರಲ್ಲಿ ಒಬ್ಬರ ಕಿವಿಗೆ ಬೀಳುವಷ್ಟು ಹತ್ತಿರ ಇರಲಿ. ಮಗುವಿನ ಹೆಸರಿಗೆ ಬೇರೆ ಮೆಸೇಜು, ಬೇರೆ ಕಾಲ್ ಏನೂ ಬೇಡ, ಎಲ್ಲ ನಿಮ್ಮ ನಂಬರಿಗೇ ಬರಲಿ. ಇದರಲ್ಲಿ ಸಂಕೋಚ ಮಾಡಬೇಡಿ. ಇನ್ನೊಂದು, ಇಪ್ಪತ್ತು ಮಕ್ಕಳ ಗುಂಪು ಕ್ಲಾಸಿನಲ್ಲಿ ನಿಮ್ಮ ಮಗ ಬಾಯಿಬಿಟ್ಟು ಓದುವುದು ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ. ಒಬ್ಬನಿಗೇ ಹದಿನೈದು ನಿಮಿಷ ಸಿಕ್ಕರೆ ಅದು ಗುಂಪಿನ ಒಂದು ಗಂಟೆಗಿಂತ ಮೇಲು.

ಶಾಲೆಗೆ ಹೋಗುವ ಮಕ್ಕಳು ಈಗ ಚಾಟ್‌ಬಾಟ್ ಹತ್ತಿರವೂ ದೀನಿನ ಪ್ರಶ್ನೆ ಕೇಳುತ್ತಾರೆ. ನಿಮ್ಮ ಮಗನೂ ಇವತ್ತಲ್ಲ ನಾಳೆ ಕೇಳುತ್ತಾನೆ. ಅರಬಿ ಪದದ ಅರ್ಥ, ವ್ಯಾಕರಣದ ಅಭ್ಯಾಸ ಇಂಥದ್ದಕ್ಕೆ ಅದು ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಹದೀಸ್, ಅಂದರೆ ಪ್ರವಾದಿಯವರ ಮಾತು ಕೇಳಿದರೆ ಇಲ್ಲದ ಹದೀಸನ್ನೂ ಸಂಖ್ಯೆ ಸಮೇತ ಹೇಳಿಬಿಡುತ್ತದೆ. ಅದಕ್ಕೆ ನಮ್ಮಲ್ಲೇ ಮದ್ದಿದೆ. 797ರಲ್ಲಿ ತೀರಿಕೊಂಡ ಅಬ್ದುಲ್ಲಾಹ್ ಇಬ್ನುಲ್ ಮುಬಾರಕ್ ಅವರ ಒಂದು ಮಾತು ಇದೆ: ಸನದ್ ದೀನಿನ ಭಾಗ, ಅದಿಲ್ಲದಿದ್ದರೆ ಯಾರು ಏನು ಬೇಕಾದರೂ ಹೇಳುತ್ತಿದ್ದರು. ಈ ಮಾತನ್ನು ಒಂಬತ್ತು ವರ್ಷದ ಮಗುವಿಗೂ ಅರ್ಥ ಮಾಡಿಸಬಹುದು. ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬರುವ ಒಂದು ಫಾರ್ವರ್ಡ್ ತೆಗೆದುಕೊಳ್ಳಿ. "ಇದನ್ನು ಯಾರು ಕಳಿಸಿದರು? ಅವರಿಗೆ ಯಾರು ಕಳಿಸಿದರು? ಮೊದಲು ಹೇಳಿದವರು ಯಾರು? ಯಾವ ಗ್ರಂಥದಲ್ಲಿದೆ?" ಅಂತ ಅವನಿಂದಲೇ ಹುಡುಕಿಸಿ. ಮೂರನೇ ಮೆಟ್ಟಿಲಿಗೇ ದಾರಿ ನಿಂತು ಹೋಗುತ್ತದೆ. ಒಮ್ಮೆ ಹಾಗೆ ಹುಡುಕಿದ ಮಗು ಮತ್ತೆ ಕಣ್ಣುಮುಚ್ಚಿ ಫಾರ್ವರ್ಡ್ ಮಾಡುವುದಿಲ್ಲ. ನನ್ನ ತರಗತಿಯಲ್ಲಿ ಮಕ್ಕಳು ಅತಿ ಹೆಚ್ಚು ಗಲಾಟೆ ಮಾಡಿ ಕಲಿಯುವ ಪಾಠ ಇದು.

ನಮಾಝಿನ ಹೊತ್ತು ತೋರಿಸುವ ಆ್ಯಪನ್ನೂ ಒಮ್ಮೆ ತೆರೆದು ನೋಡಿ. ಅಸರ್, ಅಂದರೆ ಮಧ್ಯಾಹ್ನದ ನಂತರದ ನಮಾಝಿನ ಸಮಯದಲ್ಲಿ ಎರಡು ಆಯ್ಕೆ ಇರುತ್ತದೆ. ಕರಾವಳಿಯ ನಾವು ಶಾಫಿಈ ಎಂಬ ಧರ್ಮಶಾಸ್ತ್ರದ ಪಂಥದವರು. ಮಧ್ಯಾಹ್ನದ ನೆರಳನ್ನು ಬಿಟ್ಟು ವಸ್ತುವಿನ ನೆರಳು ಅದರ ಉದ್ದದಷ್ಟೇ ಆದಾಗ ನಮಗೆ ಅಸರ್. ಹನಫಿ ಪಂಥದವರಿಗೆ ಎರಡರಷ್ಟು ಆದಾಗ. ಬೆಂಗಳೂರಿನ ಹೆಚ್ಚಿನ ಮಸೀದಿಗಳು ಹನಫಿ, ಹಾಗಾಗಿ ಬಾಂಗ್ ಕೇಳುವುದು ತಡವಾಗಿ. ಎರಡರ ನಡುವೆ ಸುಮಾರು ಒಂದು ಗಂಟೆ ವ್ಯತ್ಯಾಸ ಬರುತ್ತದೆ. ಮಗ ಕೇಳಿದರೆ "ಆ್ಯಪ್ ತಪ್ಪು" ಅಥವಾ "ಮಸೀದಿ ತಪ್ಪು" ಅನ್ನಬೇಡಿ. ಟೆರೇಸಿಗೆ ಕರೆದುಕೊಂಡು ಹೋಗಿ, ಒಂದು ಸ್ಕೇಲ್ ನಿಲ್ಲಿಸಿ ನೆರಳು ಅಳೆಸಿ.

ಈಗ ಬ್ಯಾರಿ ಭಾಷೆ. ನಿಮ್ಮ ಪತ್ರದಲ್ಲಿ ಇದು ಕೊನೆಗೆ ಬಂದಿದೆ, ಆದರೆ ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ. ಕುರ್‌ಆನ್ ಕಲಿಸಲು ಜಗತ್ತಿನಲ್ಲಿ ಎಷ್ಟೋ ಜನ ಸಿಗುತ್ತಾರೆ. ನಿಮ್ಮ ಮಗನಿಗೆ ಬ್ಯಾರಿ ಕಲಿಸಲು ಇರುವವರು ನೀವು ನಾಲ್ಕೈದು ಮಂದಿ ಮಾತ್ರ. 2007ರಲ್ಲಿ ಕರ್ನಾಟಕ ಸರ್ಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು, ಒಳ್ಳೆಯ ಕೆಲಸ ಆಗಿದೆ. ಆದರೂ ಅಕಾಡೆಮಿ ನಿಮ್ಮ ಅಡುಗೆಮನೆಗೆ ಬಂದು ಮಾತಾಡುವುದಿಲ್ಲ.

ದೀನಿನ ಓದು, ಮನೆಯ ಭಾಷೆ ಒಟ್ಟಿಗೆ ಹೋಗುವುದು ನಮ್ಮಲ್ಲಿ ಹಳೆಯ ದಾರಿ. ನಾನು ಚಿಕ್ಕವನಿದ್ದಾಗ ಮದ್ರಸದ ಪುಸ್ತಕ ಅರಬಿ ಮಲಯಾಳಂನಲ್ಲಿತ್ತು, ಅಂದರೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ. ಅರಬಿಯಲ್ಲಿ ಇಲ್ಲದ ಪ, ಚ, ಟ, ಳದಂಥ ಶಬ್ದಗಳಿಗೆ ಚುಕ್ಕೆ, ಗುರುತು ಸೇರಿಸಿ ಹೊಸ ಅಕ್ಷರ ಮಾಡಿಕೊಂಡಿದ್ದರು. ತಮ್ಮ ಭಾಷೆ ಬಿಡದೆ ಅರಬಿ ಲಿಪಿ ಕಲಿಯಲು ಹಿರಿಯರು ಕಂಡುಕೊಂಡ ಉಪಾಯ ಅದು. ಬಿಜಾಪುರದ ಸೂಫಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 17ನೇ ಶತಮಾನದಲ್ಲಿ ಅವರ ಬಳಗದವರು ದಖನಿ ಉರ್ದುವಿನಲ್ಲಿ ಚಕ್ಕಿನಾಮಾ ಅಂತ ಹಾಡು ಕಟ್ಟಿದರು. ಬೀಸುವ ಕಲ್ಲು ತಿರುಗಿಸುತ್ತಾ ಹೆಂಗಸರು ಹಾಡಿಕೊಳ್ಳುವ ಹಾಡು. ಅದರಲ್ಲೇ ದೇವರ ಸ್ಮರಣೆ, ಅದರಲ್ಲೇ ದೀನಿನ ಪಾಠ. ನೂಲುವ ರಾಟೆಗೂ ಹಾಗೇ ಹಾಡು ಇತ್ತು. ಆ ಕಾಲದಲ್ಲಿ ಮನೆಮನೆಯಲ್ಲಿ ತಿರುಗುತ್ತಿದ್ದ ಯಂತ್ರ ಅದೇ ತಾನೆ? ಇವತ್ತು ಮನೆಮನೆಯಲ್ಲಿ ಇರುವುದು ಮೊಬೈಲ್.

ಆದ್ದರಿಂದ ಆ ಮೊಬೈಲನ್ನು ಅತ್ತೆಯ ಕೈಗೇ ಕೊಡಿ. ವಾಟ್ಸಾಪಿನಲ್ಲಿ ಮೈಕ್ ಗುರುತನ್ನು ಒತ್ತಿ ಹಿಡಿದು ಮಾತಾಡುವುದನ್ನು ಹೇಳಿಕೊಡಿ, ಹತ್ತು ನಿಮಿಷದ ಕೆಲಸ. ದಿನಕ್ಕೊಂದು ವಾಯ್ಸ್ ಮೆಸೇಜ್, ಬ್ಯಾರಿಯಲ್ಲಿ. ಯೂಸುಫ್ ನಬಿಯ ಕತೆ ಹೇಳಲಿ. ತಾನು ಚಿಕ್ಕವಳಿದ್ದಾಗ ನೋಂಬು (ಉಪವಾಸ) ಹೇಗೆ ಹಿಡಿಯುತ್ತಿದ್ದೆ, ಸಹರಿಗೆ (ಬೆಳಗಿನ ಜಾವದ ಊಟಕ್ಕೆ) ಯಾರು ಎಬ್ಬಿಸುತ್ತಿದ್ದರು, ಪೆರ್ನಾಲ್ (ಹಬ್ಬದ) ದಿನ ಏನು ಅಡುಗೆ ಅಂತ ಹೇಳಲಿ. ಮಗ ಮಲಗುವ ಮುಂಚೆ ಕೇಳಿ ಬ್ಯಾರಿಯಲ್ಲೇ ಉತ್ತರ ಕಳಿಸಬೇಕು. ತಪ್ಪಾದರೆ ಅಜ್ಜಿ ತಿದ್ದಲಿ. ಈಗ ತಿದ್ದುವ ಸರದಿ ಅವರದು! ಬ್ಯಾರಿಯನ್ನು ಬರೆಯುವುದು ಕಡಿಮೆ, ಬರೆದರೂ ಹೆಚ್ಚಾಗಿ ಕನ್ನಡ ಅಕ್ಷರದಲ್ಲಿ. ಅದು ಉಳ್ಕೊಂಡು ಬಂದದ್ದು ಧ್ವನಿಯಲ್ಲಿ. ವಾಯ್ಸ್ ಮೆಸೇಜ್ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಅವರಿಗೆ ಸಂತರನ್ನು ಹೊಗಳುವ ಮಾಲೆ ಹಾಡುಗಳು ಬಾಯಿಗೆ ಬರುತ್ತವೆಯಾ ಅಂತಲೂ ಕೇಳಿ. ಆ ತಲೆಮಾರಿನ ಎಷ್ಟೋ ಹೆಂಗಸರಿಗೆ ಮುಹಿಯುದ್ದೀನ್ ಮಾಲೆ ಪೂರ್ತಿ ಬರುತ್ತದೆ. ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಅವರು 1607ರಲ್ಲಿ ಬರೆದದ್ದು. ಇಂಥ ಹಾಡುಗಳ ಬಗ್ಗೆ ನಮ್ಮ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ, ಅದು ನನಗೆ ಗೊತ್ತು. ಹಾಡಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಮನೆಯವರು, ನಿಮ್ಮ ಉಸ್ತಾದರು ತೀರ್ಮಾನ ಮಾಡಲಿ. ಆದರೆ ರೆಕಾರ್ಡ್ ಅಂತೂ ಮಾಡಿಡಿ. ನನ್ನ ತಾಯಿಗೆ ಎಷ್ಟೋ ಹಾಡು ಬರುತ್ತಿತ್ತು. ನಾಳೆ ಮಾಡೋಣ, ನಾಡಿದ್ದು ಮಾಡೋಣ ಅಂತ ನಾನು ಮುಂದೂಡಿದೆ. ಜೇಬಿನಲ್ಲಿ ಫೋನ್ ಇತ್ತು. ಅವರು ಹೋದ ಮೇಲೆ ನನ್ನ ಹತ್ತಿರ ಒಂದು ಸಾಲೂ ಇಲ್ಲ.

ಕೊನೆಗೆ ಏಪ್ರಿಲ್, ಮೇ ರಜೆ. ಆ ರಜೆಯಲ್ಲಿ ಅವನನ್ನು ಊರಿಗೆ ಕಳಿಸಿ, ಬೆಳಿಗ್ಗೆ ಹೊತ್ತು ಊರಿನ ಮದ್ರಸಕ್ಕೆ ಹೋಗಲಿ. ವಯಸ್ಸಿಗೆ ತಕ್ಕ ತರಗತಿ ಸಿಗಲಿಲ್ಲ ಅಂತ ಚಿಂತೆ ಬೇಡ, ಉಸ್ತಾದರ ಹತ್ತಿರ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಬೆಂಚಿನಲ್ಲಿ ಇತರ ಮಕ್ಕಳ ಜೊತೆ ಒಟ್ಟಿಗೆ ಜೋರಾಗಿ ಓದುವುದು, ದೊಡ್ಡವರು ಬಂದರೆ ಎದ್ದು ಸಲಾಂ ಹೇಳುವುದು, ಮಳೆ ಬಂದರೆ ಒಂದೇ ಕೊಡೆಯಲ್ಲಿ ಮೂವರು ಬರುವುದು, ಇದೆಲ್ಲ ಅವನಿಗೆ ಸಿಗಬೇಕು. ಆನ್‌ಲೈನಿನಲ್ಲಿ ನಾನು ಎಷ್ಟು ಪ್ರಯತ್ನ ಪಟ್ಟರೂ ಇದನ್ನು ಕೊಡಲು ಆಗಿಲ್ಲ. ಒಂದು ದಿನ ಮಂಗಳೂರಿನ ಬಂದರಿಗೆ ಕರೆದುಕೊಂಡು ಹೋಗಿ ಝೀನತ್ ಬಕ್ಷ್ ಮಸೀದಿಯ ಒಳಗಿನ ಮರದ ಕೆತ್ತನೆಯನ್ನೂ ತೋರಿಸಿ.

ರಜೆ ಮುಗಿಯುವ ಮೊದಲು ಒಂದು ಕೆಲಸ ಇದೆ. ಮೇ 28ರಂದು ಮಧ್ಯಾಹ್ನ ನಮ್ಮ ಗಡಿಯಾರದಲ್ಲಿ 2 ಗಂಟೆ 48 ನಿಮಿಷಕ್ಕೆ ಸೂರ್ಯ ಮಕ್ಕಾದ ಕಅಬಾದ ನೆತ್ತಿಯ ಮೇಲೆ ಇರುತ್ತಾನೆ. ಕೆಲವು ವರ್ಷ 27ಕ್ಕೆ, ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಆ ಕ್ಷಣದಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೋ ಅದೇ ಕಿಬ್ಲಾ, ನಮಾಝಿಗೆ ಮುಖ ಮಾಡುವ ದಿಕ್ಕು. ಮಗನಿಗೆ ಒಂದು ನೆಟ್ಟಗಿನ ಕೋಲು ಕೊಡಿ, ಅಂಗಳದಲ್ಲಿ ನಿಲ್ಲಿಸಲಿ. ನೇರ ನಿಂತಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ನೋಡಲಿ. ಮೊಬೈಲಿನಲ್ಲಿ ನಿಮಿಷ ನೋಡುತ್ತಾ ಕೂತು, ಸರಿಯಾದ ಹೊತ್ತಿಗೆ ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಗೆರೆ ಎಳೆಯಲಿ. ಆಮೇಲೆ ಮೊಬೈಲಿನ ಕಿಬ್ಲಾ ಕಂಪಾಸ್ ತೆರೆದು ಗೆರೆಯ ಪಕ್ಕ ಇಡಲಿ. ಆಯಸ್ಕಾಂತ ಇರುವ ಕವರ್ ಹಾಕಿದ್ದರೆ ತೆಗೆಯಬೇಕು, ಇಲ್ಲದಿದ್ದರೆ ಮುಳ್ಳು ದಾರಿ ತಪ್ಪುತ್ತದೆ. ನಮ್ಮ ಕಡೆ ಕಿಬ್ಲಾ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 19 ಡಿಗ್ರಿ. ಎರಡೂ ಎಷ್ಟು ಹತ್ತಿರ ಬಂತು ಅಂತ ಅವನೇ ನೋಡಲಿ. ಅಜ್ಜಿ ಎಷ್ಟೋ ವರ್ಷದಿಂದ ಮುಸಲ್ಲಾ (ನಮಾಝಿನ ಚಾಪೆ) ಹಾಸುವ ದಿಕ್ಕನ್ನೂ ಅದರ ಜೊತೆ ಹೋಲಿಸಲಿ. ಗೆರೆಗೆ ಸ್ವಲ್ಪ ಸುಣ್ಣ ಹಾಕಿ, ಮಳೆಗಾಲ ಶುರುವಾಗುವವರೆಗೆ ಅಂಗಳದಲ್ಲಿ ಇರುತ್ತದೆ.